ಅಣ್ಣನ ಬಿರೇಕಿನ ಕಟ್ಟಿಗೆ

ಶಹಾಬಾದಿನಲ್ಲಿ ನಾವಿದ್ದ ಓಣಿಯಿಂದ ನೆಲಕ್ಕೆ ಹಾಸುವ ಪರಸಿಕಲ್ಲಿನ ಖಣಿಗೆ ಹೋಗುವ ದಾರಿ ಏರು. ಖಣಿಯಿಂದ ಸ್ಟೇಷನ್ನಿಗೆ ಬರುವ ದಾರಿ ಇಳಿಜಾರು. ಆ ಇಳಿಜಾರಿನಲ್ಲಿ ಸಣ್ಣ ಹಳಿ ಹಾಕಿದ್ದರು. ಕಲ್ಲು ಹೇರಿದ ಟ್ರಾಲಿಯನ್ನು ಯಾರೂ ಎಳೆಯಬೇಕಾಗಿರಲಿಲ್ಲ, ತಳ್ಳಬೇಕಾಗಿಯೂ ಇರಲಿಲ್ಲ. ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದರೆ ಸಾಕು, ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು. ಕೆಳಗೆ ಖಾಲಿಯಾದ ಮೇಲೆ ಎತ್ತು ಕಟ್ಟಿ ಮೇಲೆ ಎಳೆಯುತ್ತಿದ್ದರು. ಎಳೆಯುವುದು ಎತ್ತಿನ ಕೆಲಸ, ನಿಲ್ಲಿಸುವುದು ನಮ್ಮ ಅಣ್ಣನ ಕೆಲಸ.

ನಿಲ್ಲಿಸುವುದಕ್ಕೆ ಅವನ ಹತ್ತಿರ ಇದ್ದದ್ದು ಒಂದು ಜಾಲಿ ಕಟ್ಟಿಗೆ, ಅಷ್ಟೆ. ಅದೇ ಅವನ ಬಿರೇಕು. ಟ್ರಾಲಿಯ ಹಿಂದಿನ ಹಲಗೆಯ ಮೇಲೆ ನಿಂತು, ಕಬ್ಬಿಣದ ಬಳೆಯೊಳಗೆ ಆ ಕಟ್ಟಿಗೆ ತೂರಿಸಿ, ಅದರ ತುದಿ ಚಕ್ರಕ್ಕೆ ತಾಗುವಂತೆ ಮೈಭಾರವೆಲ್ಲ ಬಿಟ್ಟು ಒತ್ತಬೇಕು. ಒತ್ತಿದರೆ ಚಕ್ರ ಕಿರುಗುಟ್ಟುತ್ತದೆ, ಹೊಗೆ ಬರುತ್ತದೆ, ಟ್ರಾಲಿ ಮೆತ್ತಗಾಗುತ್ತದೆ. ಸಂಜೆ ಅಣ್ಣ ಮನೆಗೆ ಬಂದರೆ ಮೈಯೆಲ್ಲ ಸುಟ್ಟ ಕಟ್ಟಿಗೆಯ ವಾಸನೆ. ಕಟ್ಟಿಗೆಯನ್ನೂ ಮನೆಗೇ ತರುತ್ತಿದ್ದ. ಖಣಿಯಲ್ಲಿ ಬಿಟ್ಟರೆ ಯಾರಾದರೂ ಒಲೆಗೆ ಹಾಕಿಬಿಟ್ಟಾರು ಎಂಬ ಹೆದರಿಕೆ ಅವನಿಗೆ. ಮನೆಗೆ ತಂದರೆ ನಾನು ಹಾಕಿಬಿಡುತ್ತೇನೆ ಎಂದು ಕಾಡುತ್ತಿದ್ದೆ. "ಹಾಕಿ ನೋಡು, ನಿನ್ನ ಜಡಿ ಕೊಯ್ದು ಅದಕ್ಕ ಕಟ್ತೀನಿ" ಎನ್ನುತ್ತಿದ್ದ.

ನಾವು ಖಣಿಯ ಜನವಲ್ಲ. ಕಾಗಿಣಾ ನದಿಯ ದಂಡೆಯವರು. ನಮ್ಮ ಅಜ್ಜ, ಅಪ್ಪ ದೋಣಿ ನಡೆಸಿ ಜನರನ್ನು ದಾಟಿಸುತ್ತಿದ್ದರಂತೆ. ಆಮೇಲೆ ದಾಟುವವರೇ ಕಡಿಮೆಯಾದರು, ಅಪ್ಪ ಖಣಿಗೆ ಸೇರಿ ಟ್ರಾಲಿ ನಿಲ್ಲಿಸುವ ಕಟ್ಟಿಗೆ ಹಿಡಿದ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಖಂಡೇನವಮಿಯ ದಿನ, ಬೇರೆಯವರು ಕುಡುಗೋಲು ಕೊಡಲಿಗಳಿಗೆ ಕುಂಕುಮ ಹಚ್ಚುವಾಗ, ನಮ್ಮಲ್ಲಿ ಮನೆಯ ಹೆಂಗಸು ತನ್ನ ಗಂಡಸಿನ ಹುಟ್ಟಿಗೆ, ಅಂದರೆ ದೋಣಿ ನಡೆಸುವ ಕೋಲಿಗೆ, ಕುಸುಬಿ ಎಣ್ಣೆ ಹಚ್ಚಿ ತಿಕ್ಕಬೇಕು. ಒಣಗಿದ ಹುಟ್ಟು ನೀರು ಹೀರಿ ಸೀಳುತ್ತದೆ, ನಡುನೀರಿನಲ್ಲಿ ಕೈಕೊಡುತ್ತದೆ. ಎಣ್ಣೆ ಕುಡಿದ ಹುಟ್ಟು ಗಂಡನನ್ನು ದಂಡೆಗೆ ತಂದು ಬಿಡುತ್ತದೆ. ನದಿಯ ಮೇಲೆ ಅದು ಸರಿಯಾದ ಮಾತೇ.

ಅಪ್ಪ ಖಣಿಗೆ ಸೇರಿದ ಮೊದಲ ವರ್ಷ ಅವ್ವ ಎಣ್ಣೆಯ ಬಟ್ಟಲು ಹಿಡಿದು ಬಂದಾಗ ಅವನು ಕೈ ಅಡ್ಡ ಹಿಡಿದನಂತೆ. "ಇದು ಹುಟ್ಟಲ್ಲ, ಇದಕ್ಕ ಎಣ್ಣಿ ನಡ್ಯಂಗಿಲ್ಲ. ಒಂದು ಹೂವಿಡು, ಸಾಕು" ಎಂದನಂತೆ. ಅವ್ವ ಹೂವಿಟ್ಟಳು. ಅಪ್ಪ ಜ್ವರದಲ್ಲಿ ತೀರಿಕೊಂಡ. ಅಣ್ಣ ದೊಡ್ಡವನಾಗಿ ಅದೇ ಹಲಗೆ ಏರಿದ. ಅವ್ವ ವರ್ಷವರ್ಷವೂ ಹೂವಿಡುತ್ತಲೇ ಇದ್ದಳು. ಎಣ್ಣೆ ಹಚ್ಚಬಾರದೆಂದು ಮಾತಿನಲ್ಲಿ ಹೇಳುವ ಪ್ರಸಂಗ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಅವ್ವನ ಬಗ್ಗೆ ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅದಕ್ಕೆ ಎಣ್ಣೆ ಹಚ್ಚಿ ಎರೆಯುವುದಕ್ಕೆ ಅವ್ವನೇ ಬೇಕು. ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಅವಳು ಬೆನ್ನು ತಿಕ್ಕುತ್ತಿದ್ದರೆ ಅಳುವ ಕೂಸು ಅಲ್ಲೇ ನಿದ್ದೆ ಹೋಗುತ್ತಿತ್ತು. ಅವ್ವನಿಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ. ಅವಳ ಕೈಯಲ್ಲಿ ಎರೆಸಿಕೊಳ್ಳದ ಮಕ್ಕಳೇ ನಮ್ಮ ಓಣಿಯಲ್ಲಿರಲಿಲ್ಲ.

ವೈನಿ, ಅಂದರೆ ಅಣ್ಣನ ಹೆಂಡತಿ, ಚಿಂಚೋಳಿ ಕಡೆಯಿಂದ ಬಂದಳು. ಮುಲ್ಲಾಮಾರಿ ನದಿಯ ದಂಡೆಯ ಹಳ್ಳಿ. ಅವಳ ತವರಿನಲ್ಲಿ ಇನ್ನೂ ದೋಣಿ ಇತ್ತು. ನನ್ನ ವಾರಿಗೆಯವಳು, ಹೆಚ್ಚೆಂದರೆ ಒಂದು ವರ್ಷ ದೊಡ್ಡವಳು. ಆ ಕಡೆಯವರಿಗೆ ತೆಲುಗಿನ ಗಾಳಿ ಇರುತ್ತದಲ್ಲ, ಇವಳು ಬೆಚ್ಚಿದರೆ "ಅಮ್ಮೋ" ಎನ್ನುತ್ತಿದ್ದಳು. ಇಡೀ ಓಣಿಯೇ "ಅವ್ವೋ" ಎನ್ನುವಾಗ ಇವಳೊಬ್ಬಳು "ಅಮ್ಮೋ". ಅಣ್ಣ ಬೇಕೆಂದೇ ಹಿಂದಿನಿಂದ ಬಂದು ಅವಳನ್ನು ಬೆಚ್ಚಿಸುತ್ತಿದ್ದ, ಅದನ್ನು ಕೇಳುವುದಕ್ಕೆ. ನಮ್ಮ ಅಣ್ಣ ಹೆಂಡತಿಯ ಮೇಲೆ ಜೀವ ಇಟ್ಟಿದ್ದ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅಮಾವಾಸ್ಯೆಗೆ ಖಣಿಗೆ ಸೂಟಿ. ಒಂದು ಅಮಾವಾಸ್ಯೆಯ ಮಧ್ಯಾಹ್ನ ಅವನು ನಮ್ಮಿಬ್ಬರನ್ನೂ ನೀರು ತುಂಬಿದ ಹಳೆಯ ಖಣಿಯ ದಂಡೆಗೆ ಕರೆದುಕೊಂಡು ಹೋದ. ಒಂದು ಕೈಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು, ಇನ್ನೊಂದರಲ್ಲಿ ಅಡಿಕೆಯಷ್ಟು ಚೂರು.

"ಎರಡೂ ಕೂಡೇ ಬಿಡ್ತೀನಿ. ಯಾವುದು ಮೊದಲ ಬೀಳ್ತದ, ಹೇಳ್ರಿ."

"ದೊಡ್ಡದು" ಎಂದೆವು ಇಬ್ಬರೂ. ಇದೂ ಒಂದು ಕೇಳುವ ಮಾತೇ ಎಂದು ನಾನು ಮುಖ ತಿರುವಿದೆ.

ಅವನು ಬಿಟ್ಟ. ಎರಡೂ ಒಂದೇ ಸಲ ನೀರಿಗೆ ಬಿದ್ದವು. ನಾವು ನಂಬಲಿಲ್ಲ. ಇನ್ನೊಮ್ಮೆ ಬಿಡಿಸಿದೆವು, ಕಲ್ಲು ಬದಲಿಸಿ ಮತ್ತೊಮ್ಮೆ ಬಿಡಿಸಿದೆವು. ಪ್ರತಿ ಸಲವೂ ಜೊತೆಗೇ. ಆಮೇಲೆ ಒಂದು ಒಣಗಿದ ಮುತ್ತುಗದ ಎಲೆ ಬಿಟ್ಟ. ಅದು ತೂಗಾಡುತ್ತ, ಇಳಿಯಲೋ ಬೇಡವೋ ಎನ್ನುತ್ತ ಇಳಿಯಿತು. "ಎಲಿಗೆ ಗಾಳಿ ಅಡ್ಡ ಬರ್ತದ, ಕಲ್ಲಿಗೆ ಬಂದ್ರೂ ಕಲ್ಲು ಕೇಳಂಗಿಲ್ಲ" ಎಂದ. ಎಷ್ಟು ಮೇಲಿನಿಂದ ಬಿದ್ದರೆ ಅಷ್ಟು ಜೋರು ಏರುತ್ತದೆ, ಟ್ರಾಲಿಯದೂ ಅದೇ ಹಣೆಬರಹ, ಅದೂ ಒಂದು ಬೀಳುವ ಕಲ್ಲೇ, ಹಳಿಯ ಮೇಲೆ ಓರೆಯಾಗಿ ಬೀಳುತ್ತದೆ ಅಷ್ಟೆ, ಎಂದೂ ಹೇಳಿದ. ಅದಕ್ಕೇ ಮೊದಲಿನಿಂದಲೂ ಕಟ್ಟಿಗೆ ಒತ್ತಿಯೇ ಇರಬೇಕಂತೆ. ಒಮ್ಮೆ ಜೋರು ಹಿಡಿದ ಮೇಲೆ ಒತ್ತಿದರೆ ಚಕ್ರ ಮಾತು ಕೇಳುವುದಿಲ್ಲವಂತೆ.

ವೈನಿ ದಂಡೆಯಿಂದ ಬಗ್ಗಿ ನೀರು ನೋಡುತ್ತಿದ್ದಳು. "ಹಂಗಾದ್ರ ನೀವು ಬಿದ್ರೂ ನಾ ಬಿದ್ರೂ ಕೂಡೇ ಬೀಳ್ತೀವೇನ್ರಿ?" ಎಂದಳು. ಅಣ್ಣ ಅವಳ ತಲೆಗೆ ಮೆಲ್ಲಗೆ ಮೊಟಕಿ, ತೋಳು ಹಿಡಿದು ಹಿಂದಕ್ಕೆ ಎಳೆದ. "ಹುಚ್ಚಿ, ಇಂಥಾ ಮಾತು ಆಡಬಾರದು" ಎಂದ. ಮನೆಗೆ ಬರುವವರೆಗೂ ಅವಳ ತೋಳು ಬಿಡಲಿಲ್ಲ.

ಅವಳು ನಮ್ಮ ಮನೆಗೆ ಬಂದ ಮೇಲಿನ ಮೊದಲ ಖಂಡೇನವಮಿ. ಅವ್ವ ಹೊಸ ಬಾಣಂತಿಯೊಬ್ಬಳ ಮನೆಗೆ ಎರೆಯುವುದಕ್ಕೆ ಹೋಗಿದ್ದಳು. ನಾನು ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದೆ. ವೈನಿ ಒಬ್ಬಳೇ ಮನೆ ಸಾರಿಸಿ, ಗಂಡನ ಕಟ್ಟಿಗೆಯನ್ನು ಗೋಡೆಗೆ ನಿಲ್ಲಿಸಿ ನೋಡಿದ್ದಾಳೆ. ತುದಿ ಕರ್ರಗೆ ಸುಟ್ಟು ಬಿರುಕು ಬಿಟ್ಟಿದೆ. ತವರಿನಲ್ಲಿ ಅವಳ ತಾಯಿ, ಅಜ್ಜಿ ಹುಟ್ಟಿಗೆ ಎಣ್ಣೆ ಹಚ್ಚುವುದನ್ನು ನೋಡಿ ಬೆಳೆದವಳು. ಇಲ್ಲಿ ಗಂಡನ ಕಟ್ಟಿಗೆ ಹೀಗೆ ಒಣಗಿ ಸೀಳಿದೆ, ಯಾರೂ ಅದನ್ನು ಕೇಳಿದವರಿಲ್ಲ! ಬಟ್ಟಲ ತುಂಬ ಕುಸುಬಿ ಎಣ್ಣೆ ತಗೊಂಡು ಕುಳಿತವಳು ಬಿರುಕು ಬಿರುಕಿಗೂ ಬೆರಳಿನಿಂದ ಎಣ್ಣೆ ಬಿಟ್ಟು, ಕುಡಿದಷ್ಟೂ ಕುಡಿಸಿದ್ದಾಳೆ. ಆಮೇಲೆ ಅರಿಷಿಣ ಕುಂಕುಮ ಹಚ್ಚಿ, ಹೊಸ ಬಟ್ಟೆ ಸುತ್ತಿ, ದೇವರ ಮೂಲೆಯಲ್ಲಿಟ್ಟಿದ್ದಾಳೆ. ಮರುದಿನ ಬನ್ನಿ ಹಬ್ಬ. ಬಟ್ಟೆ ಬಿಚ್ಚಿ ನೋಡುವ ಕಾರಣ ಯಾರಿಗೂ ಇರಲಿಲ್ಲ.

ಹಬ್ಬ ಮುಗಿದ ಮುಂಜಾನೆ ನಾನೂ ಅವ್ವನೂ ಹಿತ್ತಲಿನ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದೆವು. ವೈನಿ ಬಾವಿಗೆ ಹೋಗಿದ್ದಳು. ಅಣ್ಣ ಕಟ್ಟಿಗೆ ಹಿಡಿದು ಹಿತ್ತಲಿಗೆ ಬಂದವನೇ ನಗತೊಡಗಿದ.

"ಅವ್ವಾ, ನಿನ್ನ ಸೊಸಿ ಇದಕ್ಕ ಬಾಣಂತಿ ಎಣ್ಣಿ ಹಚ್ಯಾಳ ನೋಡು."

ಅವ್ವ ರೊಟ್ಟಿ ಬಿಟ್ಟು ಎದ್ದಳು. ಮುಟ್ಟಿ ನೋಡಿದಳು. ನಗಲಿಲ್ಲ. "ಬ್ಯಾಡೋ ಇವತ್ತ ಇದು. ಬ್ಯಾರೆ ಕಟಗಿ ತಗೊಂಡು ಹೋಗು" ಎಂದಳು.

"ಬ್ಯಾರೆ ಕಟಗಿ ನನ್ನ ಕೈಗೆ ಒಗ್ಗಂಗಿಲ್ಲವ್ವಾ" ಎನ್ನುತ್ತ ಅವನು ಬೂದಿ, ಉಸುಕು ತಗೊಂಡು ತುದಿಯನ್ನು ತಿಕ್ಕಿ ತಿಕ್ಕಿ ಒರೆಸಿದ. ಕಟ್ಟಿಗೆ ಒಣ ಒಣ ಕಾಣುವವರೆಗೆ ತಿಕ್ಕಿದ. ಬೆರಳು ಆಡಿಸಿ ಅವ್ವನಿಗೆ ತೋರಿಸಿದ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ, "ಆಕಿಗೇನೂ ಅನ್ನಬ್ಯಾಡ್ರಿ. ಪ್ರೀತಿಲೆ ಹಚ್ಯಾಳ. ರಾತ್ರಿ ನಾನೇ ಸಾವಕಾಶ ಹೇಳ್ತೀನಿ" ಎಂದ.

ರೊಟ್ಟಿ ಕಟ್ಟಿಸಿಕೊಂಡು ಹೋದ. ಅವ್ವ ಅವನು ಓಣಿ ತಿರುಗುವವರೆಗೆ ನೋಡುತ್ತ ನಿಂತಿದ್ದಳು. ನಾನು ಅವಳ ಪಕ್ಕದಲ್ಲೇ ಇದ್ದೆ.

ಆಮೇಲಿನದನ್ನು ಕೆಳಗೆ ಕಲ್ಲು ಹೊರುತ್ತಿದ್ದ ಹೆಂಗಸರು ಹೇಳಿದರು. ಅವತ್ತಿನ ಮೊದಲ ಟ್ರಾಲಿ ಅವನದೇ. ಅರ್ಧ ಇಳಿಜಾರಿನವರೆಗೆ ಚೆನ್ನಾಗಿಯೇ ಬಂತಂತೆ. ಚಕ್ರ ಕಿರುಗುಟ್ಟುವ ಸದ್ದು ಕೇಳಿಸುತ್ತಿತ್ತಂತೆ. ಕಡಿದಾದ ಜಾಗಕ್ಕೆ ಬಂದಾಗ ಆ ಸದ್ದು ನಿಂತುಹೋಯಿತಂತೆ. ಸದ್ದು ನಿಂತದ್ದಕ್ಕೇ ಅವರು ತಲೆಯೆತ್ತಿ ನೋಡಿದ್ದು. ಅಣ್ಣ ಹಲಗೆಯ ಮೇಲೆ ಕಟ್ಟಿಗೆಗೆ ಜೋತುಬಿದ್ದಿದ್ದ. ಒತ್ತುತ್ತಿದ್ದ, ಟ್ರಾಲಿ ಜೋರಾಗುತ್ತಿತ್ತು. ಬದಿಗೆ ಹಾರಿಕೊಂಡಿದ್ದರೆ ಕೈಯೋ ಕಾಲೋ ಮುರಿದು ಉಳಿಯುತ್ತಿದ್ದ. ಆದರೆ ಹಳಿಯ ಕೊನೆಯಲ್ಲಿ ಈ ಹೆಂಗಸರೆಲ್ಲ ಇದ್ದರು. "ಸರೀರಿ, ಸರೀರಿ" ಎಂದು ಕೂಗುತ್ತ, ಒತ್ತುವುದನ್ನು ಬಿಡದೆ, ಕೊನೆಯವರೆಗೂ ಬಂದ. ಅವರೆಲ್ಲ ಸರಿದರು. ಟ್ರಾಲಿ ಕೊನೆಯಲ್ಲಿ ಒಟ್ಟಿದ್ದ ದಿಮ್ಮಿಗಳಿಗೆ ಬಡಿದು ನಿಂತಿತು. ಟ್ರಾಲಿ ನಿಂತರೂ ಅದರೊಳಗಿನ ಪರಸಿ ನಿಲ್ಲಲಿಲ್ಲ, ಅಣ್ಣನೂ ನಿಲ್ಲಲಿಲ್ಲ. ಕಲ್ಲೆಲ್ಲ ಮುಂದಕ್ಕೆ ಹಾರಿದವು, ಅವುಗಳ ಜೊತೆಗೆ ಅವನು. ಮಧ್ಯಾಹ್ನ ಅವನನ್ನು ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಮನೆಗೆ ತಂದರು.

ಅವನ ಜೊತೆಗಾರನೊಬ್ಬ ಕಟ್ಟಿಗೆಯನ್ನೂ ತಂದಿದ್ದ. ತುದಿ ಹೊಸದಾಗಿ ಸುಟ್ಟಿರಲಿಲ್ಲ, ಮಿರಮಿರ ಮಿಂಚುತ್ತಿತ್ತು. ಅವನು ಮೂಸಿ ನೋಡಿ, ನೆರೆದವರ ಮುಂದೆಯೇ, "ಕುಸುಬಿ ಎಣ್ಣಿ. ಯಾರು ಹಚ್ಚಿದರು ಇದಕ್ಕ?" ಎಂದು ಕೇಳಿದ. ವೈನಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಆ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಅಣ್ಣನನ್ನು ಮಣ್ಣು ಮಾಡಿ ಬಂದ ಸಂಜೆ ಮನೆಯಲ್ಲಿ ವೈನಿ ಇಲ್ಲ. ಅವ್ವ ಹಳೆಯ ಖಣಿಯ ಕಡೆಗೆ ಓಡಿದಳು. ಅವಳು ಓಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಾನು ಹಿಂದೆ ಓಡಿದೆ. ವೈನಿ ದಂಡೆಯ ತುದಿಯಲ್ಲಿ ನಿಂತಿದ್ದಳು. ಸೆರಗಿನಲ್ಲಿ ಕಲ್ಲು ಕಟ್ಟಿಕೊಂಡಿದ್ದಳು. ನಮ್ಮನ್ನು ನೋಡಿ ಇನ್ನೂ ತುದಿಗೆ ಸರಿದಳು.

"ನಾನೇ ಕೊಂದೆ ಅತ್ತಿ. ನನ್ನ ಕೈಲೇ ಕೊಂದೆ. ಬಿಡ್ರಿ ನನ್ನ."

ಅವ್ವ ಅವಳ ಹತ್ತಿರ ಹೋಗಲಿಲ್ಲ. ಇದ್ದಲ್ಲೇ ನಿಂತು, ಏದುಸಿರು ಬಿಡುತ್ತ, ಬಾವಿಕಟ್ಟೆಯಲ್ಲಿ ಬೈಯುವ ದನಿಯಲ್ಲಿ ಹೇಳಿದಳು: "ನೀ ಹಚ್ಚಿದ್ದು ಅವನು ಒರಿಸಿ ಒಗದನ ಹುಡುಗಿ! ಬೂದಿ ಹಾಕಿ ಒರಿಸಿದ. ನೀ ನೀರಿಗೆ ಹೋಗಿದ್ದಿ. ಹೊಸ ಸೊಸಿ ಹಚ್ಚಿದ ಎಣ್ಣಿ ಒರಿಸಿದ್ರ ಅಪಶಕುನ ಅಂತ ನಾನೇ ಅವನು ನೋಡದಂಗ ತಿರುಗಿ ಹಚ್ಚೀನಿ. ನಾ ಹಚ್ಚಿದ ಎಣ್ಣಿ ಅದು. ನಿಂದಲ್ಲ."

ನಾನು ಬಾಯಿ ತೆರೆದೆ. ಅವ್ವ ನನ್ನ ಕಡೆ ನೋಡಿದಳು. ಆ ಮುಂಜಾನೆ ಎದ್ದಾಗಿನಿಂದ ಅಣ್ಣ ಓಣಿ ತಿರುಗುವವರೆಗೆ ನಾನು ಅವ್ವನ ಮಗ್ಗುಲು ಬಿಟ್ಟು ಕದಲಿರಲಿಲ್ಲ. ಅವಳ ಕೈಯೆಲ್ಲ ಹಿಟ್ಟಾಗಿತ್ತು. ಎಣ್ಣೆಯ ಬಟ್ಟಲನ್ನು ಅವಳು ಮುಟ್ಟಿರಲೇ ಇಲ್ಲ. ನಾನು ಬಾಯಿ ಮುಚ್ಚಿದೆ.

"ಖರೇನಾ?" ಎಂದಳು ವೈನಿ, ನನ್ನನ್ನು ನೋಡುತ್ತ.

"ಆಕಿನ್ನ ಏನ್ ಕೇಳ್ತಿ? ಆಕಿ ಒಲಿ ಮುಂದಿದ್ಳು" ಎಂದಳು ಅವ್ವ.

ವೈನಿ ಸೆರಗಿನ ಕಲ್ಲು ಬಿಚ್ಚಿದಳು. ಅದು ಉರುಳಿ ನೀರಿಗೆ ಬಿತ್ತು. ಅವಳು ತುದಿಯಿಂದ ಈಚೆ ಬಂದು, ಅವ್ವನ ಮುಂದೆ ನಿಂತು, ಮುಖಕ್ಕೆ ಉಗುಳಿದಳು. ಅವ್ವ ಒರೆಸಿಕೊಳ್ಳಲಿಲ್ಲ. ಅವಳ ರಟ್ಟೆ ಹಿಡಿದುಕೊಂಡು ಮನೆಯವರೆಗೆ ಕರೆದುಕೊಂಡು ಬಂದಳು.

ದಿನಕರ್ಮ ಮುಗಿಯುವ ಮೊದಲೇ ವೈನಿಯ ತವರಿನವರು ಬಂದರು, ಅವಳನ್ನು ಕರೆದುಕೊಂಡು ಹೋದರು. ಹೋಗುವಾಗ ಅವಳು ಓಣಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅಂದಳು, ನನ್ನ ಗಂಡನನ್ನು ಹೆತ್ತವಳೇ ತಿಂದಳು ಎಂದು. ಅವ್ವ ಹೊಸ್ತಿಲಲ್ಲಿ ನಿಂತು ಹೌದೆನ್ನುವಂತೆ ತಲೆ ಬಗ್ಗಿಸಿದಳು. ಅಲ್ಲಿಂದ ಮುಂದೆ ಆ ಓಣಿಯ ಯಾವ ಕೂಸಿಗೂ ಅವ್ವನ ಕೈ ತಾಗಲಿಲ್ಲ. ಯಾರೂ ಜಗಳವಾಡಲಿಲ್ಲ, ಕರೆಯುವುದನ್ನು ಬಿಟ್ಟರು ಅಷ್ಟೆ. ಪಕ್ಕದ ಮನೆಯಲ್ಲಿ ಕೂಸು ಅತ್ತರೆ ಅವ್ವ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದು ಕುಳಿತುಕೊಳ್ಳುತ್ತಿದ್ದಳು. ನನಗೆ ಓಣಿಯ ಒಬ್ಬೊಬ್ಬರ ಬಾಗಿಲಿಗೂ ಹೋಗಿ ಕೂಗಿ ಹೇಳಬೇಕೆನಿಸುತ್ತಿತ್ತು.

ಒಮ್ಮೆ ಕೇಳಿಯೇ ಬಿಟ್ಟೆ. "ಯಾಕವ್ವಾ ಹಂಗ ಹೇಳಿದಿ?"

"ಅವನಂತೂ ಹೋದ. ಆಕಿನೂ ಹೋಗಬೇಕಿತ್ತೇನು?" ಎಂದಳು. ಮತ್ತೆ, "ಎಣ್ಣಿ ಹಚ್ಚಬಾರದು ಅಂತ ನಾ ಆಕಿಗೆ ಹೇಳಿದ್ದಿಲ್ಲ. ಹೇಳದೇ ಇದ್ದದ್ದು ನಂದೇ ಅಲ್ಲೇನು" ಎಂದಳು. ಆಮೇಲೆ ಆ ವಿಷಯ ಎತ್ತಗೊಡಲಿಲ್ಲ.

ನನ್ನನ್ನು ಚಿತ್ತಾಪುರಕ್ಕೆ ಕೊಟ್ಟರು. ಗಂಡ ಅಲ್ಲಿಯ ಶಾಲೆಯಲ್ಲಿ ಮಾಸ್ತರು. ಆಗೆಲ್ಲ ಪಾಠ ಉರ್ದುವಿನಲ್ಲಿ. ಮನೆಗೆ ಬಂದು ಅದನ್ನೇ ನನಗೆ ಕನ್ನಡದಲ್ಲಿ ಹೇಳುವ ಚಟ ಅವರಿಗೆ, ನನಗೆ ಕನ್ನಡ ಅಕ್ಷರ ಕಲಿಸಿದವರೂ ಅವರೇ. ಒಂದು ದಿನ ಪರಸಿ ಹಾಸಿದ ಪಡಸಾಲೆಯಲ್ಲಿ ಕುಳಿತು ಇಳಿಜಾರು, ಅದರ ಮೇಲೊಂದು ಗಾಡಿ, ಬಳಪದಲ್ಲಿ ಬರೆದರು. ಭೂಮಿ ಎಲ್ಲವನ್ನೂ ಎಳೆಯುತ್ತದೆ, ದೊಡ್ಡದಕ್ಕೂ ಸಣ್ಣದಕ್ಕೂ ಒಂದೇ ಸಮ ಜೋರು ಕೊಡುತ್ತದೆ ಎಂದರು. ಅದು ನನಗೆ ಗೊತ್ತಿದೆ ಎಂದೆ. ಗಾಡಿ ಎರಡು ಪಟ್ಟು ಜೋರಾದರೆ ನಿಲ್ಲುವುದಕ್ಕೆ ನಾಲ್ಕು ಪಟ್ಟು ದಾರಿ ಬೇಕು ಎಂದರು. ಅದು ಗೊತ್ತಿರಲಿಲ್ಲ. ಚಕ್ರವನ್ನು ನಿಲ್ಲಿಸುವುದು ಕಟ್ಟಿಗೆಯಲ್ಲ, ಕಟ್ಟಿಗೆಗೂ ಚಕ್ರಕ್ಕೂ ನಡುವಿನ ತಿಕ್ಕಾಟ, ನಡುವೆ ತೆಳ್ಳಗೆ ಎಣ್ಣೆ ಬಂದರೂ ಸಾಕು, ಆನೆ ಬಂದು ಒತ್ತಿದರೂ ತಿಕ್ಕಾಟ ಹುಟ್ಟುವುದಿಲ್ಲ ಎಂದರು. ಆಮೇಲೆ ನನ್ನ ಮುಖ ನೋಡಿ, ನೆನಪಾಗಿ, ಬಳಪ ಕೆಳಗಿಟ್ಟು ಅಂಗೈಯಿಂದ ಗಾಡಿಯನ್ನು ಅಳಿಸಿದರು.

ಆದರೂ ನನ್ನೊಳಗೆ ಒಂದು ಆಸೆ ಉಳಿದಿತ್ತು. ಅಣ್ಣ ಒರೆಸಿದ್ದನಲ್ಲ! ಬೂದಿ ಉಸುಕು ಹಾಕಿ ಒಣಗಿಸಿದ್ದನಲ್ಲ! ಅರ್ಧ ದಾರಿ ಕಟ್ಟಿಗೆ ಹಿಡಿದಿತ್ತಲ್ಲ! ಹಾಗಾದರೆ ಎಣ್ಣೆಯಿಂದ ಆಗಿರಲಿಕ್ಕಿಲ್ಲ. ಮಂಜು ಬಿದ್ದು ಹಳಿ ತೊಯ್ದಿರಬೇಕು, ಕಲ್ಲು ಹೆಚ್ಚು ಹೇರಿರಬೇಕು. ವೈನಿಯದೂ ತಪ್ಪಲ್ಲ, ಅವ್ವನದೂ ತಪ್ಪಲ್ಲ. ಮನೆಗೆ ಬಂದಾಗ ತುದಿ ಮಿಂಚುತ್ತಿದ್ದದ್ದನ್ನು ಬಿಟ್ಟು, ಹೀಗೆ ಲೆಕ್ಕ ಹಾಕಿಕೊಂಡು ನಾನು ಸಮಾಧಾನವಾಗಿದ್ದೆ.

ಆ ಸಮಾಧಾನ ಒಲೆಯ ಮುಂದೆಯೇ ಮುರಿಯಿತು. ಹಬ್ಬಕ್ಕೆ ಎಣ್ಣೆ ಬಿಟ್ಟು ದೋಸೆ ಹುಯ್ದ ಹಂಚನ್ನು ಬೂದಿ ಹಾಕಿ ತಿಕ್ಕಿ, ಒರೆಸಿ, ಒಣಗಿಸಿ ಇಟ್ಟಿದ್ದೆ. ಮುಟ್ಟಿದರೆ ಕೈಗೆ ಏನೂ ಹತ್ತುತ್ತಿರಲಿಲ್ಲ. ಮಣ್ಣಿನ ಹಂಚು, ಅಲ್ಲಲ್ಲಿ ಸೀಳಿತ್ತು. ರೊಟ್ಟಿಗೆಂದು ಒಲೆಯ ಮೇಲಿಟ್ಟೆ. ಕಾದಂತೆ ಸೀಳುಗಳಿಂದ ಎಣ್ಣೆ ಒಸರತೊಡಗಿತು. ನೋಡುತ್ತಿದ್ದಂತೆ ಹಂಚೆಲ್ಲ ಮಿರಮಿರ ಮಿಂಚಿತು. ಅಲ್ಲಿಯೇ ಎಲ್ಲವೂ ತಿಳಿದುಹೋಯಿತು. ಅಣ್ಣನ ಕಟ್ಟಿಗೆ ತಣ್ಣಗಿರುವಾಗ ಒಣಗಿತ್ತು. ಚಕ್ರಕ್ಕೆ ತಿಕ್ಕಿ ಕಾದ ಮೇಲೆ ಒಳಗಿನದನ್ನೆಲ್ಲ ಕಕ್ಕಿತು, ಕಡಿದಾದ ಜಾಗದಲ್ಲಿ. ಅವಳು ಬೆರಳಿನಿಂದ ಬಿರುಕು ಬಿರುಕಿಗೂ ಕುಡಿಸಿದ ಎಣ್ಣೆಯೇ ಅದು. ನಾನು ರೊಟ್ಟಿ ಬಿಟ್ಟು ಗೋಡೆಗೆ ಒರಗಿ ಅತ್ತೆ, ಒಲೆ ಆರಿಹೋಗುವವರೆಗೆ ಅತ್ತೆ.

ಅವ್ವ ಕೊನೆಗೆ ನನ್ನ ಮನೆಯಲ್ಲಿಯೇ ತೀರಿಕೊಂಡಳು. ಹಾಸಿಗೆ ಹಿಡಿದಾಗ ವೈನಿಯ ತವರಿಗೆ ಹೇಳಿ ಕಳಿಸಿದೆ. ಅಲ್ಲಿ ಅವಳಿಗೆ ಉಡಿಕೆ, ಅಂದರೆ ಎರಡನೆಯ ಮದುವೆ, ಮಾಡಿ ಅದೇ ಊರಿನವನಿಗೆ ಕೊಟ್ಟಿದ್ದರು, ಒಂದು ಹೆಣ್ಣು ಕೂಸೂ ಆಗಿತ್ತು. ಅವಳು ಬರಲಿಲ್ಲ. ಸತ್ತಾಗ ಹೇಳಿ ಕಳಿಸಿದೆ, ಮಣ್ಣಿಗೂ ಬರಲಿಲ್ಲ. ಬಾಗಿಲ ಕಡೆಗೆ ಮುಖ ಮಾಡಿ ಮಲಗಿದ್ದ ಅವ್ವ "ಆಕಿ ಹ್ಯಾಂಗದಾಳಂತ?" ಎಂದು ಕೇಳುತ್ತಲೇ ಹೋದಳು.

ನನಗೆ ಮೈಯೆಲ್ಲ ಸಿಟ್ಟು. ದಿನಕರ್ಮ ಮುಗಿದದ್ದೇ ತಡ, ಗಂಡ ಬೇಡವೆಂದರೂ ಕೇಳದೆ ಹೊರಟೆ. ಚಿತ್ತಾಪುರದಿಂದ ಸೇಡಮ್ಮಿನವರೆಗೆ ರೈಲು, ಅಲ್ಲಿಂದ ಮೋಟಾರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದೆ. ನಿನ್ನ ಉಗುಳು ಒರೆಸಿಕೊಳ್ಳದೆ ಬದುಕಿದಳು ನಮ್ಮವ್ವ. ಊರ ಕೂಸುಗಳಿಗೆಲ್ಲ ಎರೆದವಳು ನಿನ್ನ ಸಲುವಾಗಿ ಯಾರ ಕೂಸನ್ನೂ ಮುಟ್ಟದೆ ಸತ್ತಳು. ಎಣ್ಣೆ ನಿನ್ನದು, ಕೈ ನಿನ್ನದು, ಕೇಳಿಕೋ. ಚಿಂಚೋಳಿ ಹತ್ತಿರ ಮೋಟಾರು ಇಳಿಜಾರಿಗೆ ಬಿದ್ದು ಬ್ರೇಕು ಕಿರುಗುಟ್ಟಿದಾಗ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಸದ್ದು ನಿಲ್ಲದಿರಲಿ ದೇವರೇ ಎಂದುಕೊಂಡೆ.

ವೈನಿ ದಪ್ಪಗಾಗಿದ್ದಳು. ನನ್ನನ್ನು ನೋಡಿದ್ದೇ "ಅಮ್ಮೋ" ಎಂದಳು, ಓಡಿ ಬಂದು ಕೈ ಹಿಡಿದುಕೊಂಡಳು. ನೀರು ಕೊಟ್ಟಳು, ಬೆಲ್ಲ ಕೊಟ್ಟಳು. "ಕುಂದ್ರವ್ವಾ, ಎಷ್ಟು ಸೊರಗಿದಿ" ಎಂದು ಬೆನ್ನು ಸವರಿದಳು. ಅವಳ ಕೂಸು ಆಗ ತಾನೇ ಎರೆಸಿಕೊಂಡು, ತಲೆಯಿಂದ ನೀರಿಳಿಯುತ್ತ, ತಾಯಿಯ ಸೀರೆ ಹಿಡಿದು ನಿಂತು ನನ್ನನ್ನು ನೋಡುತ್ತಿತ್ತು.

"ಅವ್ವ ಹೋದಳು" ಎಂದೆ.

"ಗೊತ್ತದ."

"ಕಡೀತನಕ ನಿನ್ನ ಕೇಳಿದಳು. ನೀ ಬರಲಿಲ್ಲ."

ಅವಳು ಕೂಸಿನ ತಲೆ ಒರೆಸತೊಡಗಿದಳು. "ಹ್ಯಾಂಗ ಬರಲಿ? ಆಕಿ ಮಾರಿ ನೋಡಿದ್ರ ನಾ ಏನಂದುಬಿಡ್ತಿದ್ನೋ" ಎಂದಳು. ಒರೆಸುತ್ತಲೇ ಇದ್ದಳು. ಆಮೇಲೆ ನಿಧಾನವಾಗಿ ಹೇಳಿದಳು: "ಅವತ್ತ ಖಣಿ ದಂಡಿಮ್ಯಾಲ ನಿಮ್ಮವ್ವ ಬಾಯಿ ಬಿಡದಿದ್ರ ನಾ ಇರ್ತಿದ್ದಿಲ್ಲ. ನನ್ನ ಕೈಲೇ ಆತು ಅಂತ ತಿಳಿದಿದ್ದೆ. ಈಗೂ ಒಮ್ಮೊಮ್ಮೆ ಕನಸು ಬೀಳ್ತದ, ನನ್ನ ಬೆರಳು, ಆ ಕಟಗಿ. ಎದ್ದು ಕುಂತು ಹೇಳಿಕೊಳ್ತೀನಿ, ಅಲ್ಲ, ಅದು ಅತ್ತಿ ಹಚ್ಚಿದ್ದು, ನನ್ನ ಕೈ ಸುದ್ದ ಅದಾವ ಅಂತ. ಹಂಗ ಹೇಳಿಕೊಂಡ ಮ್ಯಾಲೇ ಈ ಕೂಸಿನ್ನ ಮುಟ್ಟತೀನಿ. ಇಲ್ಲದಿದ್ರ ಈ ಕೈಲೆ ಹ್ಯಾಂಗ ಎರೀಲಿ ಇದಕ್ಕ, ಹೇಳು."

ದಾರಿಯುದ್ದಕ್ಕೂ ಜೋಡಿಸಿದ್ದ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ನನ್ನ ನಾಲಿಗೆ ಎಂಥದೆಂದು ನನ್ನ ಗಂಡನನ್ನು ಕೇಳಿ, ಹೇಳುತ್ತಾರೆ. ಕೂಸು ತನ್ನ ತಾಯಿಯ ಬೆರಳು ಹಿಡಿದು ಬಾಯಿಗೆ ಹಾಕಿಕೊಂಡಿತು. ನಾನು ಅವಳ ಮುಖ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ದಂಡೆಯ ಮೇಲೆ ನಿಂತು ನೋಡಿದ್ದಳಲ್ಲ, ಅದೇ ಕಣ್ಣು.

"ಖರೇ ಅಲ್ಲೇನು? ನೀ ಅವತ್ತ ಅಲ್ಲೇ ಇದ್ದಿ. ಒಂದ್ಸಲನೂ ನೀ ಬಾಯಿಬಿಟ್ಟು ಹೇಳಿಲ್ಲ ನನಗ. ಆಕಿನೇ ಹಚ್ಚಿದ್ದು ಹೌದಲ್ಲೋ?"

"ಹೌದು" ಎಂದೆ. "ಅವ್ವನೇ ಹಚ್ಚಿದ್ದು. ನಾ ಕಣ್ಣಾರೆ ನೋಡೀನಿ."

ಅವಳು ಉಸಿರು ಬಿಟ್ಟಳು. ನನಗೆ ಅಳು ತಡೆಯಲಾಗಲಿಲ್ಲ. ಅವ್ವನನ್ನು ಇನ್ನೊಮ್ಮೆ, ಈ ಸಲ ನಾನೇ ಕೈಯಾರೆ, ಮಣ್ಣು ಮಾಡಿದಂತಾಯಿತು. ಬಿಕ್ಕಿ ಬಿಕ್ಕಿ ಅತ್ತೆ. ವೈನಿ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಅಳಬ್ಯಾಡವ್ವಾ. ನಿಮ್ಮವ್ವ ಮಾಡಿದ್ದಕ್ಕ ನೀ ಯಾಕ ಕರಗತಿ? ನಿಂದೇನು ತಪ್ಪದ ಅದ್ರಾಗ" ಎಂದಳು. ಆಮೇಲೆ ದೊಡ್ಡ ಮನಸ್ಸು ಮಾಡಿ, "ಹೋಗ್ಲಿ, ಆಕಿನೂ ಹೋದಳು. ಆಕಿಗೂ ನಾ ಮಾಫ್ ಮಾಡೀನಿ. ನಾ ಮಾಫ್ ಮಾಡೀನಿ ಅಂತ ನೀ ಆಕಿ ಮಣ್ಣಿನ ಮುಂದ ಹೇಳು" ಎಂದಳು.

ಹೇಳುತ್ತೇನೆ ಎಂದೆ. ಮಣ್ಣಿನ ಮುಂದೆ ಹೋಗಿ ಹೇಳಿಯೂ ಹೇಳಿದೆ. ವೈನಿಯೂ ಈಗ ಇಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವತ್ತು ಅವಳು ಊಟ ಮಾಡದೆ ಹೋಗಗೊಡಲಿಲ್ಲ. ಅವಳ ಕೈಯಿಂದ ಬಡಿಸಿದ್ದನ್ನೆಲ್ಲ ಉಂಡು, ಕೂಸಿಗೆ ಮುತ್ತು ಕೊಟ್ಟು, ಸಂಜೆಯ ಮೋಟಾರಿಗೆ ಸೇಡಮ್ಮಿಗೆ ಹಿಂದಿರುಗಿದೆ.